ಸೀನಿಯರ್ ಲಿವಿಂಗ್ ಫ್ಲ್ಯಾಟು: ಎಷ್ಟು ದೊಡ್ಡದು, ಯಾವ ಕರಾರಿನದು?

ಸೀನಿಯರ್ ಲಿವಿಂಗ್, ಅಂದರೆ ಹಿರಿಯರಿಗೆಂದೇ ಕಟ್ಟಿದ ಸಮುಚ್ಚಯಕ್ಕೆ ಫ್ಲ್ಯಾಟು ನೋಡಲು ಹೋದವರಿಗೆ ಮೊದಲು ತೋರಿಸುವುದು ಕ್ಲಬ್‌ಹೌಸು, ಆಮೇಲೆ ದೇವಸ್ಥಾನ, ಆಮೇಲೆ ಮಾದರಿ ಫ್ಲ್ಯಾಟು. ಕಾಫಿ ಬಂದ ಮೇಲೆ ಕೇಳುವ ಪ್ರಶ್ನೆ ಒಂದೇ: ‘ಒನ್ ಬಿಎಚ್‌ಕೆನಾ ಟೂ ಬಿಎಚ್‌ಕೆನಾ ಸರ್?’ ಅದು ಕೊನೆಗೆ ಇತ್ಯರ್ಥವಾಗಬೇಕಾದ ವಿಚಾರ. ಅದಕ್ಕೆ ಮುಂಚೆ ಇನ್ನೆರಡು ತೀರ್ಮಾನವಾಗಬೇಕು. ಹಾಸಿಗೆ ಹಿಡಿದ ಮೇಲೂ ಇಲ್ಲೇ ಇರಲು ಬಿಡುತ್ತಾರೆಯೇ? ಬಿಟ್ಟು ಹೊರಡಬೇಕಾಗಿ ಬಂದರೆ ಹಾಕಿದ ದುಡ್ಡು ಎಷ್ಟು, ಯಾವಾಗ ವಾಪಸು ಬರುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕಿತೆಂದರೆ ಬೆಡ್‌ರೂಮಿನ ಲೆಕ್ಕ ತಾನಾಗಿಯೇ ಬಗೆಹರಿಯುತ್ತದೆ.

ಇಲ್ಲಿರುವ ನೋಂದಣಿ ಖರ್ಚಿನ ಲೆಕ್ಕ ಕರ್ನಾಟಕದ್ದು. ದೇವನಹಳ್ಳಿ, ಸರ್ಜಾಪುರ, ಕನಕಪುರ ರಸ್ತೆ, ಮೈಸೂರು ಎಲ್ಲಿಗೇ ಹೋದರೂ ಹೆಚ್ಚುಕಮ್ಮಿ ಅದೇ. ಕೊಯಮತ್ತೂರಿನ ಕಡೆ ನೋಡುತ್ತಿರುವವರು ಅದೊಂದನ್ನು ತಮಿಳುನಾಡಿನ ದರದಲ್ಲಿ ಹಾಕಿಕೊಂಡರೆ ಸಾಕು, ಉಳಿದ ಮಾತು ಅಲ್ಲಿಗೂ ಸಲ್ಲುತ್ತದೆ.

ಮೊದಲು ಆರೈಕೆ

ಒಂದೇ ಹೆಸರಿನಡಿ ಮೂರು ಬಗೆಯ ಜಾಗಗಳು ಸಿಗುತ್ತವೆ. ಒಂದು, ಬರೀ ಸ್ವತಂತ್ರ ವಾಸದ್ದು: ನಿಮ್ಮ ಪಾಡಿಗೆ ನೀವು, ಗೋಡೆಯ ಮೇಲೊಂದು ತುರ್ತು ಗುಂಡಿ, ಹಗಲಿಗೊಬ್ಬ ನರ್ಸು, ಗೇಟಿನಲ್ಲೊಂದು ಆಂಬುಲೆನ್ಸು. ಎರಡು, ಅದೇ ಕಾಂಪೌಂಡಿನಲ್ಲಿ ಅಸಿಸ್ಟೆಡ್ ಲಿವಿಂಗ್ ಬ್ಲಾಕೂ ಇರುವುದು. ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ಬೇಕಾದರೆ ತುತ್ತು ತಿನ್ನಿಸುವುದು ಅಲ್ಲಿ ನಡೆಯುತ್ತದೆ. ಮರೆವಿನ ಕಾಯಿಲೆಯವರು ಹೊರಗೆ ಹೊರಟುಹೋಗದಂತೆ ಕಾಯುವ ಪ್ರತ್ಯೇಕ ವಿಭಾಗ ಕೆಲವೇ ಕಡೆ ಇದೆ. ಮೂರನೆಯದರಲ್ಲಿ ಬ್ಲಾಕು ಇರುವುದಿಲ್ಲ, ಏಜೆನ್ಸಿಯಿಂದ ಅಟೆಂಡರ್ ಕರೆಸಿಕೊಂಡು ನಿಮ್ಮ ಫ್ಲ್ಯಾಟಿನಲ್ಲೇ ಇರಬಹುದು.

ಮೊದಲ ಬಗೆಯ ಕರಾರುಗಳಲ್ಲಿ ಒಂದು ಸಾಲು ಹುಡುಕಿ. ‘ನಿವಾಸಿಯು ಸ್ವತಂತ್ರವಾಗಿ ಬದುಕಲು ಅಶಕ್ತರಾದಲ್ಲಿ ಬೇರೆಡೆಗೆ ಸ್ಥಳಾಂತರಗೊಳ್ಳತಕ್ಕದ್ದು’ ಎಂಬ ಅರ್ಥದ್ದು. ಅಶಕ್ತರೆಂದು ತೀರ್ಮಾನಿಸುವವರು ಯಾರು, ಅವರ ವೈದ್ಯರೋ ನಿಮ್ಮ ವೈದ್ಯರೋ? ಎಷ್ಟು ದಿನದ ಗಡುವು? ಗಂಡ ಅಸಿಸ್ಟೆಡ್ ಬ್ಲಾಕಿಗೆ ಹೋಗಿ ಹೆಂಡತಿ ಫ್ಲ್ಯಾಟಿನಲ್ಲೇ ಉಳಿದರೆ ಎರಡು ಬಿಲ್ಲು ಬರುತ್ತದೆಯೇ? ಬರುತ್ತದೆ, ಬಹುತೇಕ ಎಲ್ಲ ಕಡೆಯೂ. ಬರುವುದು ತಪ್ಪಲ್ಲ, ಎಷ್ಟೆಂದು ಮೊದಲೇ ಗೊತ್ತಿರಬೇಕು ಅಷ್ಟೆ.

ಬ್ಲಾಕು ಇದೆ ಎಂದ ಕಡೆ ಹಾಸಿಗೆಗಳನ್ನು ಎಣಿಸಿ. 200 ಫ್ಲ್ಯಾಟಿಗೆ 8 ಹಾಸಿಗೆ ಇದ್ದರೆ ಎಲ್ಲರೂ ಅರವತ್ತೈದರ ಆಸುಪಾಸಿನಲ್ಲಿರುವ ಈಗ ಸಾಕಾಗುತ್ತದೆ. ಇನ್ನು ಹತ್ತು ವರ್ಷಕ್ಕೆ ಅಷ್ಟೂ ಜನ ಒಟ್ಟಿಗೇ ಎಪ್ಪತ್ತೈದು ದಾಟಿರುತ್ತಾರೆ, ಆಗ ಸಾಲು ನಿಲ್ಲಬೇಕು. ಒಳಗಿನ ನಿವಾಸಿಗಳಿಗೆ ಆದ್ಯತೆ ಎನ್ನುವುದು ಬಾಯಿಮಾತಿನಲ್ಲಿ ಬೇಡ, ಕರಾರಿನಲ್ಲಿರಲಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನಕ್ಕೆ ಎಷ್ಟು ನರ್ಸು, ಅವರು ತರಬೇತಾದ ನರ್ಸುಗಳೋ ಬರೀ ಅಟೆಂಡರುಗಳೋ ಎಂದೂ ಕೇಳಿ. ಇಂಜೆಕ್ಷನ್, ಕ್ಯಾಥೆಟರ್, ಮೂಗಿನ ಕೊಳವೆ ಅಟೆಂಡರ್ ಮುಟ್ಟುವ ಕೆಲಸವಲ್ಲ.

ನಮ್ಮ ತೂಕ ಹೀಗೆ: 75 ದಾಟಿದವರು, ಪಾರ್ಕಿನ್ಸನ್ ಇರುವವರು, ಒಮ್ಮೆ ಲಕ್ವ ಹೊಡೆದವರು, ಮರೆವು ಶುರುವಾಗಿರುವವರು ಬರೀ ಸ್ವತಂತ್ರ ವಾಸದ ಜಾಗಕ್ಕೆ ಹೋಗಬಾರದು, ಎಷ್ಟೇ ಚೆನ್ನಾಗಿದ್ದರೂ. ಅರವತ್ತರ ಆಸುಪಾಸಿನ ಗಟ್ಟಿಮುಟ್ಟಾದ ದಂಪತಿ ಹೋಗಬಹುದು, ಆದರೆ ಅಲ್ಲಿ ಕೊಳ್ಳುವ ಆತುರ ಬೇಡ.

ಸ್ಟುಡಿಯೊ, ಒಂದು ಬೆಡ್‌ರೂಮು, ಎರಡು ಬೆಡ್‌ರೂಮು

ಅಳತೆ ಮಾತಾಡುವಾಗ ಕಾರ್ಪೆಟ್ ಏರಿಯಾ, ಅಂದರೆ ಫ್ಲ್ಯಾಟಿನ ಒಳಗೆ ಬಳಸಲು ಸಿಗುವ ಜಾಗ, ಮಾತ್ರ ಕೇಳಿ. ಈ ಸಮುಚ್ಚಯಗಳಲ್ಲಿ ಊಟದ ಹಾಲು, ಅಗಲದ ಓಣಿ, ದೊಡ್ಡ ಲಿಫ್ಟು ಇರುವುದರಿಂದ ಹಂಚಿಕೆಯ ಜಾಗವನ್ನೂ ಸೇರಿಸಿ ಹೇಳುವ ಸೂಪರ್ ಬಿಲ್ಟ್ ಅಪ್ ಅಂಕಿ ಸಾಮಾನ್ಯ ಅಪಾರ್ಟ್‌ಮೆಂಟಿಗಿಂತ ಹೆಚ್ಚು ಉಬ್ಬಿರುತ್ತದೆ. 1,000 ಚದರಡಿ ಎಂದದ್ದು ಒಳಗೆ ಅಳೆದರೆ 650 ಬರುವುದುಂಟು. ಮೇಂಟೆನೆನ್ಸ್ ಹಾಕುವುದು ಮಾತ್ರ ಆ ಸಾವಿರಕ್ಕೇ.

ಸ್ಟುಡಿಯೊ ಎಂದರೆ ಒಂದೇ ಕೋಣೆ, ಮೂಲೆಯಲ್ಲಿ ಅಡುಗೆ ಕಟ್ಟೆ, ಒಂದು ಬಚ್ಚಲು. ಕಾರ್ಪೆಟ್ 300ರಿಂದ 400 ಚದರಡಿ. ಒಬ್ಬರೇ ಇರುವವರಿಗೆ, ಊಟ ಹಾಲ್‌ನಲ್ಲೇ ಮಾಡುವವರಿಗೆ ಇದು ನಿಜವಾಗಿಯೂ ಒಳ್ಳೆಯದು. ಹಾಸಿಗೆಯಿಂದ ಬಚ್ಚಲಿಗೆ ಏಳೆಂಟು ಹೆಜ್ಜೆ, ಕಸ ಗುಡಿಸಲು ಹತ್ತು ನಿಮಿಷ. ಇಬ್ಬರಿಗೆ ಸಾಲದು. ಒಬ್ಬರಿಗೆ ಆಸ್ಪತ್ರೆ ಮಂಚ ಬಂದರೆ, ಅದರ ಎರಡೂ ಬದಿ ಮೂರು ಮೂರು ಅಡಿ ಜಾಗ ಬಿಟ್ಟರೆ ಇನ್ನೊಬ್ಬರಿಗೆ ಮಲಗಲು ಜಾಗವೇ ಉಳಿಯುವುದಿಲ್ಲ. ಇನ್ನೊಂದು ತೊಂದರೆ, ಯಾರಾದರೂ ನೋಡಲು ಬಂದರೆ ಕೂರಿಸುವುದು ಮಂಚದ ಮೇಲೆಯೇ. ಅದು ಕೆಲವರಿಗೆ ಏನೂ ಅನ್ನಿಸದು, ಕೆಲವರು ಆ ಒಂದೇ ಕಾರಣಕ್ಕೆ ಯಾರನ್ನೂ ಕರೆಯುವುದನ್ನೇ ಬಿಡುತ್ತಾರೆ.

ಒಂದು ಬೆಡ್‌ರೂಮಿನದು ಕಾರ್ಪೆಟ್ 400ರಿಂದ 550 ಚದರಡಿ. ದಂಪತಿಗೆ ಇದು ಸಾಕು ಎಂದು ಎಲ್ಲರೂ ಹೇಳುತ್ತಾರೆ, ಸಾಕೂ ಹೌದು. ಒಂದೇ ಷರತ್ತು, ಹಾಲ್‌ನಲ್ಲಿ ಒಂದು ಮಂಚ ಹಾಕಲು ಆಗಬೇಕು ಮತ್ತು ಬಚ್ಚಲಿಗೆ ಹಾಲ್ ಕಡೆಯಿಂದಲೂ ಬಾಗಿಲಿರಬೇಕು. ಬೆಡ್‌ರೂಮಿನ ಒಳಗಿನಿಂದ ಮಾತ್ರ ದಾರಿಯಿದ್ದರೆ ಅಟೆಂಡರ್, ನೆಂಟರು ಎಲ್ಲರೂ ಮಲಗಿದವರನ್ನು ದಾಟಿಕೊಂಡೇ ಹೋಗಬೇಕು.

ಎರಡು ಬೆಡ್‌ರೂಮಿನದನ್ನು ಮಾರುವಾಗ ‘ಮೊಮ್ಮಕ್ಕಳು ಬಂದರೆ ಬೇಕಲ್ಲ’ ಎನ್ನುತ್ತಾರೆ. ಆ ಮಾತಿಗೆ ಒಲಿಯಬೇಡಿ. ಮೊಮ್ಮಕ್ಕಳು ಬರುವುದು ವರ್ಷಕ್ಕೆ ಹತ್ತು ದಿನ, ಅದಕ್ಕೆ ಅತಿಥಿ ಕೋಣೆ ದಿನದ ಬಾಡಿಗೆಗೆ ಸಿಗುತ್ತದೆ. ಹೊರಗಿನವರು ಒಂದು ಸಲಕ್ಕೆ ಇಷ್ಟೇ ದಿನ ಎಂಬ ಮಿತಿಯೂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಎರಡನೇ ಕೋಣೆಗೆ ಬೇರೆ ಗಟ್ಟಿ ಕಾರಣಗಳಿವೆ. ಒಬ್ಬರ ಗೊರಕೆ, ಇನ್ನೊಬ್ಬರು ರಾತ್ರಿ ನಾಲ್ಕು ಸಲ ಏಳುವುದು; ನಿದ್ದೆಗೆಟ್ಟ ಇಬ್ಬರಿಗಿಂತ ಬೇರೆ ಮಲಗಿದ ಇಬ್ಬರು ಆರೋಗ್ಯವಾಗಿರುತ್ತಾರೆ. ಇಪ್ಪತ್ತನಾಲ್ಕು ಗಂಟೆಯ ಅಟೆಂಡರ್ ಬೇಕಾದಾಗ ಆ ಕೋಣೆ ಅವರಿಗೆ. ಮೇಲೆ ಹೇಳಿದ ಮೂರನೇ ಬಗೆಯ ಸಮುಚ್ಚಯದಲ್ಲಿ ಹಾಗಾಗಿ ಎರಡು ಬೆಡ್‌ರೂಮೇ ಸರಿ. ಅಸಿಸ್ಟೆಡ್ ಬ್ಲಾಕು ಇರುವ ಕಡೆ ಒಂದು ಬೆಡ್‌ರೂಮು ತೆಗೆದುಕೊಂಡು ಉಳಿದ ದುಡ್ಡು ಬ್ಯಾಂಕಿನಲ್ಲಿಡಿ.

ಮಹಡಿಯ ವಿಚಾರ ಬೇಗ ಮುಗಿಸೋಣ. ನೆಲಮಹಡಿಯಲ್ಲಿ ಸೊಳ್ಳೆ, ತೇವ, ಊರ ಹೊರಗಾದರೆ ಹಾವಿನ ಭಯ. ಬೆಂಕಿ ಬಿದ್ದಾಗ ಲಿಫ್ಟು ಬಳಸುವಂತಿಲ್ಲ, ಮೇಲಕ್ಕೆ ಹೋದಷ್ಟೂ ಇಳಿಯಬೇಕಾದ ಮೆಟ್ಟಿಲು ಹೆಚ್ಚು. ಒಂದು ಅಥವಾ ಎರಡನೇ ಮಹಡಿ, ಊಟದ ಹಾಲ್‌ಗೆ ಮಳೆಯಲ್ಲಿ ನೆನೆಯದೆ ಹೋಗುವ ದಾರಿ. ಪಡುವಣಕ್ಕೆ ಮುಖ ಮಾಡಿದ ಬೆಡ್‌ರೂಮು ಮಾರ್ಚ್, ಏಪ್ರಿಲ್‌ನಲ್ಲಿ ರಾತ್ರಿ ಹತ್ತರವರೆಗೂ ಕಾದಿರುತ್ತದೆ.

ಟೇಪು ಹಿಡಿದು ಅಳೆಯಿರಿ

ಬ್ರೋಷರಿನಲ್ಲಿ ‘ಹಿರಿಯಸ್ನೇಹಿ’ ಎಂದು ಬರೆದಿದ್ದನ್ನು ಬದಿಗಿಡಿ. ಬಾಗಿಲು ತೆರೆದಾಗ ಸಿಗುವ ಅಗಲ 900 ಮಿಲಿಮೀಟರ್ ಇರಬೇಕು, ಬಚ್ಚಲಿನದೂ ಸೇರಿ. ಮುಂಬಾಗಿಲು ಅಗಲವಿಟ್ಟು ಬಚ್ಚಲಿನದನ್ನು 750ಕ್ಕೆ ಇಳಿಸುವುದು ಎಲ್ಲರೂ ಮಾಡುವ ತಪ್ಪು. ಗಾಲಿಕುರ್ಚಿ ಬೇಕಾಗುವುದೇ ಅಲ್ಲಿ. ಗಾಲಿಕುರ್ಚಿ ಒಂದು ಸುತ್ತು ತಿರುಗಲು 1,500 ಮಿ.ಮೀ. ಜಾಗ. ಹೊಸ್ತಿಲು, ಬಾಲ್ಕನಿಯ ಜಾರುಬಾಗಿಲಿನ ಕಂಬಿ 12 ಮಿ.ಮೀ.ಗಿಂತ ಎತ್ತರ ಬೇಡ. ವಾಕರ್ ತಡವರಿಸಿ ಬೀಳುವುದು ದೊಡ್ಡ ಮೆಟ್ಟಿಲಿನಲ್ಲಲ್ಲ, ಕಣ್ಣಿಗೆ ಕಾಣದ ಇಂಥ ಅಂಚಿನಲ್ಲಿ. ಇಳಿಜಾರು 12 ಅಡಿ ಉದ್ದಕ್ಕೆ 1 ಅಡಿಗಿಂತ ಕಡಿದಾಗಿರಬಾರದು.

ಬಚ್ಚಲ ಬಾಗಿಲು ಹೊರಕ್ಕೆ ತೆರೆಯಬೇಕು, ಇಲ್ಲವೇ ಪಕ್ಕಕ್ಕೆ ಜಾರಬೇಕು. ಒಳಕ್ಕೆ ತೆರೆಯುವಂಥದ್ದಾದರೆ, ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗಿ ಹೊರಗಿನವರು ತಳ್ಳಲಾಗದೆ ನಿಲ್ಲುತ್ತಾರೆ. ಚಿಲಕ ಹೊರಗಿನಿಂದ ನಾಣ್ಯದಲ್ಲಿ ತಿರುಗಿಸಿದರೂ ತೆಗೆಯುವಂತಿರಲಿ. ಕಮೋಡಿನ ಸೀಟು ನೆಲದಿಂದ 450ರಿಂದ 480 ಮಿ.ಮೀ. ಆಸರೆಗೆಂದು ಬಚ್ಚಲ ಗೋಡೆಗೆ ಹಾಕಿದ ಹಿಡಿಕೆಯನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿ. ಹಗುರ ಬ್ಲಾಕಿನ ಗೋಡೆಗೆ ಮಾಮೂಲಿ ಪ್ಲಗ್ ಹಾಕಿ ಸ್ಕ್ರೂ ಬಿಗಿದಿದ್ದರೆ ಆರು ತಿಂಗಳಲ್ಲಿ ಅಲುಗಾಡುತ್ತದೆ. ಒಳಗೆ ಕಾಂಕ್ರೀಟು ತುಂಬಿದ್ದಾರೆಯೇ ಎಂದು ಸೈಟ್ ಎಂಜಿನಿಯರನ್ನೇ ಕೇಳಿ, ಮಾರಾಟದವರಿಗೆ ಅದು ತಿಳಿದಿರುವುದಿಲ್ಲ. ನಮ್ಮಲ್ಲಿ ಬಹಳ ಜನಕ್ಕೆ ಶವರ್‌ಗಿಂತ ಬಕೆಟ್ಟು, ಚೊಂಬೇ ಅಭ್ಯಾಸ. ಹಾಗಾಗಿ ಸ್ನಾನದ ಸ್ಟೂಲು ಇಡುವ ಜಾಗದಿಂದ ನಲ್ಲಿ ಬಗ್ಗದೆ ಕೈಗೆ ಸಿಗಬೇಕು, ಹಿಡಿಕೆಯೂ ಅಲ್ಲೇ ಇರಬೇಕು. ಮಾದರಿ ಫ್ಲ್ಯಾಟುಗಳಲ್ಲಿ ಹಿಡಿಕೆ ಶವರಿನ ಕೆಳಗಿರುತ್ತದೆ, ಬಕೆಟ್ಟಿನ ನಲ್ಲಿ ಎದುರು ಗೋಡೆಯಲ್ಲಿ.

ತುರ್ತು ಗುಂಡಿ ಒಂದು 900 ಮಿ.ಮೀ. ಎತ್ತರದಲ್ಲಿ, ಇನ್ನೊಂದು 300ರಲ್ಲಿ. ಬಿದ್ದು ನೆಲದ ಮೇಲಿರುವವರಿಗೆ ಮೇಲಿನದು ಎಟುಕುವುದಿಲ್ಲ. ಲಿಫ್ಟುಗಳಲ್ಲಿ ಒಂದಾದರೂ ಸ್ಟ್ರೆಚರನ್ನು ಮಲಗಿಸಿದಂತೆಯೇ ಒಯ್ಯುವಷ್ಟು ಆಳವಿರಬೇಕು, ಎರಡು ಮೀಟರಿಗಿಂತ ಹೆಚ್ಚು.

ಜನರೇಟರ್ ಇದೆ ಎಂದರೆ ಫ್ಲ್ಯಾಟಿನೊಳಗೆ ಎಷ್ಟು ವ್ಯಾಟ್ ಎಂದು ಕೇಳಿ. ಐದು ಲೀಟರಿನ ಆಕ್ಸಿಜನ್ ಯಂತ್ರವೊಂದಕ್ಕೇ ಸುಮಾರು 350 ವ್ಯಾಟ್ ಬೇಕು. ಒಟ್ಟು 500 ಕೊಟ್ಟಿದ್ದರೆ ಫ್ಯಾನು, ದೀಪ, ಫ್ರಿಜ್ಜು ಹಾಕಿದ ಕೂಡಲೇ ಟ್ರಿಪ್ ಆಗುತ್ತದೆ. ಬೆಂಗಳೂರಿನ ಹೊರವಲಯವಾದರೆ ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ನೀರು ಕೊಂಡರು, ಅದರ ಖರ್ಚು ಮೇಂಟೆನೆನ್ಸಿನೊಳಗೋ ಹೊರಗೋ ಎನ್ನುವುದು ಕಳೆದ ಏಪ್ರಿಲ್ ತಿಂಗಳ ಬಿಲ್ಲಿನಲ್ಲಿ ಕಾಣುತ್ತದೆ.

ಕೊಳ್ಳುವುದೋ, ಡಿಪಾಸಿಟ್ಟೋ, ಬಾಡಿಗೆಯೋ

ಕೊಂಡರೆ ಕ್ರಯಪತ್ರ, ಜಮೀನಿನಲ್ಲಿ ಅವಿಭಾಜ್ಯ ಪಾಲು, ಖಾತೆ ನಿಮ್ಮ ಹೆಸರಿಗೆ. ಕಟ್ಟಡ ಮಾರುವ ಬಿಲ್ಡರುಗಳನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯ ಆಸರೆಯೂ ಇದೆ: ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ, ಕಟ್ಟಡದ ದೋಷಕ್ಕೆ ಐದು ವರ್ಷ ಬಿಲ್ಡರ್ ಹೊಣೆ. ಖರ್ಚಿನ ಲೆಕ್ಕ ನೋಡಿ. 70 ಲಕ್ಷದ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, 2025ರ ಆಗಸ್ಟ್ 31ರಿಂದ ಶೇ 2ಕ್ಕೇರಿದ ನೋಂದಣಿ ಶುಲ್ಕ ಸೇರಿ ಶೇ 7.6, ಅಂದರೆ 5.32 ಲಕ್ಷ, ಒಟ್ಟು 75.32 ಲಕ್ಷ. ಕಟ್ಟುತ್ತಿರುವ ಕಟ್ಟಡವಾದರೆ ಸಾಮಾನ್ಯವಾಗಿ ಶೇ 5 ಜಿಎಸ್‌ಟಿ. ಕಟ್ಟಡ ವಾಸಕ್ಕೆ ಸಿದ್ಧ ಎಂಬ ಆಕ್ಯುಪೆನ್ಸಿ ಸರ್ಟಿಫಿಕೇಟ್ ಬಂದ ಮೇಲೆ ಕೊಂಡರೆ ಅದಿಲ್ಲ. ವಯಸ್ಸಾದವರು ಕಟ್ಟುತ್ತಿರುವುದಕ್ಕೆ ದುಡ್ಡು ಹಾಕಬಾರದು ಎನ್ನಲು ಜಿಎಸ್‌ಟಿ ಸಣ್ಣ ಕಾರಣ. ಮೂರು ವರ್ಷ ಕಾಯುವಷ್ಟು ಹೊತ್ತು ನಿಮ್ಮಲ್ಲಿದೆಯೇ ಎನ್ನುವುದು ದೊಡ್ಡ ಕಾರಣ.

ಕೊಂಡವರಿಗೆ ಪೆಟ್ಟು ಬೀಳುವುದು ಮಾರುವಾಗ. 55 ಅಥವಾ 60 ದಾಟಿದವರಿಗೇ ಮಾರಬೇಕು ಎಂಬ ನಿಯಮ ಇರುತ್ತದೆ, ನಡೆಸುವ ಕಂಪನಿಯ ಒಪ್ಪಿಗೆ ಪತ್ರ ಬೇಕು, ವರ್ಗಾವಣೆ ಶುಲ್ಕವೂ ಇರಬಹುದು. ಕೊಳ್ಳುವವರ ಗುಂಪೇ ಚಿಕ್ಕದು, ಪಕ್ಕದಲ್ಲಿ ಅದೇ ಬಿಲ್ಡರ್ ಹೊಸ ಹಂತ ಮಾರುತ್ತಿರುತ್ತಾನೆ. ತಂದೆತಾಯಿ ತೀರಿಕೊಂಡ ಮೇಲೆ ನ್ಯೂಜೆರ್ಸಿಯಲ್ಲಿರುವ ಮಗನಿಗೆ ತಾನು ವಾಸಿಸಲಾಗದ ಮನೆಗೆ ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ಟುವ ಕೆಲಸ ಉಳಿಯುತ್ತದೆ. ವಾರಸುದಾರರು ಬಾಡಿಗೆಗೆ ಕೊಡಬಹುದೇ ಎಂದು ಕರಾರಿನಲ್ಲಿ ನೋಡಿ. ನಡೆಸುವ ಕಂಪನಿ ಕೈಬಿಟ್ಟರೆ ಬೇರೆಯವರನ್ನು ನೇಮಿಸುವ ಹಕ್ಕು ನಿವಾಸಿಗಳ ಸಂಘಕ್ಕಿದೆಯೇ ಎಂಬುದನ್ನೂ. ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ಹೊರಡಿಸಿದ ಮಾದರಿ ಮಾರ್ಗಸೂಚಿ ಬಿಲ್ಡರ್, ಸೇವೆ ಕೊಡುವವರು, ಕೊಳ್ಳುವವರು ಮೂವರೂ ಸಹಿ ಹಾಕುವ ತ್ರಿಪಕ್ಷೀಯ ಕರಾರನ್ನು ಹೇಳುತ್ತದೆ. ಇಬ್ಬರದೇ ಎರಡು ಬೇರೆ ಬೇರೆ ಕರಾರು ಮುಂದಿಟ್ಟರೆ, ನಾಳೆ ಒಬ್ಬರು ಇನ್ನೊಬ್ಬರ ಕಡೆ ಕೈತೋರಿಸಲು ಅನುಕೂಲ ಮಾಡಿಕೊಟ್ಟಂತೆ.

ಡಿಪಾಸಿಟ್ ಪದ್ಧತಿ ಬೆಂಗಳೂರಿಗರಿಗೆ ಗೊತ್ತಿರುವ ಭೋಗ್ಯದ ಹಾಗೆಯೇ: ಇಡುಗಂಟು ಕೊಟ್ಟು ಇರುವುದು, ಬಿಡುವಾಗ ಅದನ್ನು ವಾಪಸು ಪಡೆಯುವುದು. ವ್ಯತ್ಯಾಸವೆಂದರೆ ಇಲ್ಲಿ ಇಡುಗಂಟಿನ ಜೊತೆ ತಿಂಗಳ ಹಣವೂ ಕಟ್ಟಬೇಕು. ಮೇಲಿನ 75.32 ಲಕ್ಷದ ಬದಲು 20 ಲಕ್ಷ ಡಿಪಾಸಿಟ್ ಇಟ್ಟಿರಿ ಎನ್ನಿ. ಉಳಿದ 55 ಲಕ್ಷದಲ್ಲಿ 30 ಲಕ್ಷವನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟರೆ, ಶೇ 8.2ರ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ 61,500, ತಿಂಗಳಿಗೆ ಬಿಡಿಸಿದರೆ 20,500 ರೂಪಾಯಿ. ಉಳಿದ 25 ಲಕ್ಷ ಶೇ 7ರ ಎಫ್‌ಡಿಯಲ್ಲಿ ತಿಂಗಳಿಗೆ 14,500ರ ಮೇಲೆ. ಒಟ್ಟು 35,000. ಅಂದರೆ ಕೋಣೆಯ ಬಾಡಿಗೆ ಭಾಗ ತಿಂಗಳಿಗೆ 35,000ದೊಳಗಿದ್ದರೆ ಶುರುವಿನಲ್ಲಿ ಡಿಪಾಸಿಟ್ಟೇ ಮೇಲು. ಆದರೆ ಬಾಡಿಗೆ ಏರುತ್ತದೆ, ಈ ಬಡ್ಡಿ ಏರುವುದಿಲ್ಲ, ಬಡ್ಡಿಗೆ ತೆರಿಗೆಯೂ ಇದೆ. ಹತ್ತು ವರ್ಷ ಮೀರಿ ಇರುವ ಅಂದಾಜಿರುವ ಅರವತ್ತೆರಡರವರಿಗೂ ಎಂಬತ್ತರವರಿಗೂ ಇಲ್ಲಿ ಉತ್ತರ ಬೇರೆ. ಎಂಬತ್ತರ ನಂತರ ಕೊಳ್ಳುವುದಕ್ಕೆ ನಮಗೆ ಒಂದೂ ಒಳ್ಳೆಯ ಕಾರಣ ಕಾಣುವುದಿಲ್ಲ.

ಡಿಪಾಸಿಟ್ಟಿನ ಅಪಾಯ ಎರಡು ಸಾಲಿನಲ್ಲಿ ಅಡಗಿರುತ್ತದೆ. ‘ಮುಂದಿನ ನಿವಾಸಿ ಬಂದ ನಂತರ ಹಿಂತಿರುಗಿಸಲಾಗುವುದು’ ಎಂದಿದ್ದರೆ ಆ ದಿನ ಯಾವತ್ತೂ ಬರದಿರಬಹುದು. ‘ಅಥವಾ 90 ದಿನ, ಯಾವುದು ಮೊದಲೋ ಅದು’ ಎಂದು ಸೇರಿಸಲು ಹೇಳಿ. ವರ್ಷಕ್ಕಿಷ್ಟು ಎಂದು ಕಡಿತ ಮಾಡುವುದಾದರೆ ಎಲ್ಲಿ ನಿಲ್ಲುತ್ತದೆ ಎಂದು ಬರೆಸಿ. ಎರಡನೆಯದು, ಕಟ್ಟಡ ಯಾರದು? ಕಂಪನಿಯೇ ಇನ್ನೊಬ್ಬರಿಂದ ಲೀಸಿಗೆ ಪಡೆದಿದ್ದರೆ ಆ ಲೀಸು ಯಾವ ವರ್ಷಕ್ಕೆ ಮುಗಿಯುತ್ತದೆ ಎಂದು ಕಾಗದದಲ್ಲಿ ನೋಡಿ. ಕಂಪನಿ ಮುಳುಗಿದರೆ ಡಿಪಾಸಿಟ್ ಇಟ್ಟವರಿಗೆ ಜಮೀನಿನ ಮೇಲೆ ಹಕ್ಕಿಲ್ಲ. ಮಾರಾಟವೇ ಇಲ್ಲದ್ದರಿಂದ ರೇರಾದ ರಕ್ಷಣೆಯೂ ಸಾಮಾನ್ಯವಾಗಿ ಸಿಗುವುದಿಲ್ಲ. ಇಡುಗಂಟು ದೊಡ್ಡದಾದಷ್ಟೂ ಈ ಭಯ ದೊಡ್ಡದು.

ಬರೀ ಬಾಡಿಗೆ ಮೊದಲ ವರ್ಷಕ್ಕೆ ಎಲ್ಲರಿಗೂ ಒಳ್ಳೆಯದು. ದೋಷ ಒಂದೇ: 11 ತಿಂಗಳ ಕರಾರು. 82ನೇ ವಯಸ್ಸಿನಲ್ಲಿ ‘ನವೀಕರಿಸುವುದಿಲ್ಲ’ ಎಂದರೆ ಎಲ್ಲಿಗೆ ಹೋಗುವುದು? ನವೀಕರಣದ ಆಯ್ಕೆ ನಿವಾಸಿಯದು, ಏರಿಕೆ ಇಂತಿಷ್ಟನ್ನು ಮೀರುವಂತಿಲ್ಲ ಎಂದಿರಬೇಕು. ಒಂದು ವರ್ಷ ಮೀರಿದ ಲೀಸಾದರೆ ನೋಂದಣಿ ಮಾಡಿಸಿ.

ಊರಿನ ಮನೆಯನ್ನು ಮಕ್ಕಳ ಹೆಸರಿಗೆ ಬರೆದುಕೊಟ್ಟು ‘ತಿಂಗಳ ಖರ್ಚು ನೀವು ನೋಡಿಕೊಳ್ಳಿ’ ಎನ್ನುವ ಮನೆಗಳೂ ಇವೆ. ಹಾಗೆ ಮಾಡುವುದಾದರೆ ಆ ಷರತ್ತು ದಾನಪತ್ರದಲ್ಲೇ ಇರಲಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಸೆಕ್ಷನ್ ಅಡಿ, ನೋಡಿಕೊಳ್ಳುವ ಷರತ್ತು ಮುರಿದಾಗ ದಾನಪತ್ರ ರದ್ದು ಮಾಡಿಸಲು ಅದೇ ಆಧಾರ.

ತಿಂಗಳ ಬಿಲ್ಲು

ಹೇಳುವುದು 40,000, ಬರುವುದು 47,200. ಸೇವಾ ಶುಲ್ಕದ ಮೇಲಿನ ಶೇ 18 ಜಿಎಸ್‌ಟಿ ಹೇಳುವಾಗ ಬಿಟ್ಟಿರುತ್ತಾರೆ. ನಿವಾಸಿಗಳ ಸಂಘವೇ ನಡೆಸುವ ಕಡೆ ತಲಾ ಮೇಂಟೆನೆನ್ಸ್ 7,500 ಮೀರದಿದ್ದರೆ ಆ ತೆರಿಗೆ ಬರುವುದಿಲ್ಲ. ನೋಂದಾಯಿತ ಧರ್ಮಾರ್ಥ ಸಂಸ್ಥೆ ನಡೆಸುವ ವೃದ್ಧಾಶ್ರಮಗಳಲ್ಲಿ 60 ದಾಟಿದವರಿಗೆ ತಲಾ 25,000ದವರೆಗೆ ವಿನಾಯಿತಿಯಿದೆ. ಏರಿಕೆ ವರ್ಷಕ್ಕೆ ಶೇ 8 ಎಂದಿದ್ದರೆ 40,000 ಒಂಬತ್ತು ವರ್ಷಕ್ಕೆ 80,000 ಆಗುತ್ತದೆ. ಪಿಂಚಣಿ ಹಾಗೆ ದುಪ್ಪಟ್ಟಾಗುವುದು ಅಪರೂಪ.

ಇಬ್ಬರಿರುವಾಗಿನ ಬಿಲ್ಲು, ಒಬ್ಬರೇ ಉಳಿದಾಗಿನ ಬಿಲ್ಲು ಎರಡನ್ನೂ ಬರೆಸಿಕೊಳ್ಳಿ. ಅರ್ಧಕ್ಕಿಳಿಯುತ್ತದೆ ಎಂದುಕೊಂಡವರಿಗೆ ಆಶ್ಚರ್ಯ ಕಾದಿರುತ್ತದೆ: ಕಮ್ಮಿಯಾಗುವುದು ಒಂದು ಊಟದ ಖರ್ಚು ಮಾತ್ರ, ಕೋಣೆಯ ಭಾಗ ಹಾಗೇ ಇರುತ್ತದೆ. ಊಟ ಕಡ್ಡಾಯವೋ, ಹತ್ತು ದಿನ ಮಗಳ ಮನೆಗೆ ಹೋದರೆ ಕಳೆಯುತ್ತಾರೋ, ಹೊರಗಿನ ಅಟೆಂಡರಿನ ಊಟ ಯಾರ ಲೆಕ್ಕಕ್ಕೆ, ಡೈಪರ್, ಫಿಸಿಯೋಥೆರಪಿ, ಆಂಬುಲೆನ್ಸ್ ಹೊರಗೋ ಒಳಗೋ.

ಸಹಿಗೆ ಮುಂಚೆ

ಹದಿನೈದು ದಿನ ದುಡ್ಡು ಕೊಟ್ಟು ಇದ್ದು ನೋಡಿ, ಸಾಧ್ಯವಾದರೆ ಮಳೆಗಾಲದಲ್ಲಿ. ಮೊದಲ ಮೂರು ದಿನ ಯಾವ ಅಡುಗೆಯೂ ರುಚಿಸುತ್ತದೆ. ಎರಡನೇ ವಾರದ ಹುಳಿ, ಪಲ್ಯ, ಮುದ್ದೆ ನೋಡಿ. ಉಪ್ಪು ಕಡಿಮೆ, ಸಕ್ಕರೆ ಕಾಯಿಲೆ, ಏಕಾದಶಿ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಎಂದಾಗ ಬೇರೆ ಮಾಡಿಕೊಡುತ್ತಾರೋ, ಇದ್ದುದರಲ್ಲೇ ಬಡಿಸುತ್ತಾರೋ. ಒಂದು ರಾತ್ರಿ ಎರಡು ಗಂಟೆಗೆ ತುರ್ತು ಗುಂಡಿ ಒತ್ತಿ ಗಡಿಯಾರ ನೋಡಿ, ಬಾಗಿಲಿಗೆ ಜನ ಬರಲು ಐದು ನಿಮಿಷಕ್ಕಿಂತ ಹೆಚ್ಚಾಗಬಾರದು. ಬಂದವರ ಹತ್ತಿರ ಬಿಪಿ ನೋಡುವ ಯಂತ್ರವಾದರೂ ಇತ್ತೇ? ಸಂಜೆ ಆರೂವರೆಗೆ ಕಾರಿನಲ್ಲಿ ಹತ್ತಿರದ ಐಸಿಯು ಇರುವ ಆಸ್ಪತ್ರೆಗೆ ಹೋಗಿ ಬನ್ನಿ. ಬೆಳಗ್ಗೆ ತೋರಿಸುವ ಇಪ್ಪತ್ತು ನಿಮಿಷದ ದಾರಿ ಆಗ ಎಷ್ಟಾಯಿತು? ಆಸ್ಪತ್ರೆಗೆ ಜೊತೆಯಲ್ಲಿ ಯಾರು ಬರುತ್ತಾರೆ, ಮಕ್ಕಳು ಬರುವವರೆಗೆ ದಾಖಲಾತಿಗೆ ಮುಂಗಡ ಯಾರು ಕಟ್ಟುತ್ತಾರೆ ಎಂದೂ ತಿಳಿದುಕೊಳ್ಳಿ. ಕೇಳಲು ಮುಜುಗರವಾಗುವ ಇನ್ನೊಂದಿದೆ, ಆದರೂ ಕೇಳಿ: ಯಾರಾದರೂ ತೀರಿಕೊಂಡರೆ ಮಕ್ಕಳು ಬರುವವರೆಗೆ ಶವ ಕೆಡದಂತೆ ಇಡುವ ಫ್ರೀಜರ್ ಪೆಟ್ಟಿಗೆಯ ಏರ್ಪಾಡು, ವೈಕುಂಠ ಸಮಾರಾಧನೆಗೆ ಹಾಲ್ ಸಿಗುತ್ತದೆಯೇ.

ಅಲ್ಲಿರುವ ನಿವಾಸಿಗಳ ಜೊತೆ ಮಾತಾಡುವಾಗ ಚೆನ್ನಾಗಿದೆಯೇ ಎನ್ನಬೇಡಿ, ಎಲ್ಲರೂ ಹೌದೆನ್ನುತ್ತಾರೆ. ಕಳೆದ ವರ್ಷ ಬಿಟ್ಟು ಹೋದವರು ಯಾರು, ಅವರಿಗೆ ದುಡ್ಡು ಬಂತೇ ಎನ್ನಿ. ಸೇವಾ ಕರಾರಿನ ಕರಡನ್ನು, ನಿಯಮಾವಳಿಯ ಪುಸ್ತಕವನ್ನು ಮನೆಗೆ ತಂದು ನಿಮ್ಮದೇ ವಕೀಲರಿಗೆ ಕೊಡಿ, ಕಂಪನಿಯವರು ಸೂಚಿಸಿದವರಿಗಲ್ಲ. ‘ಬುಕಿಂಗ್ ಆದ ಮೇಲೆ ಕರಡು ಕೊಡುತ್ತೇವೆ’ ಎಂದ ಕಡೆ ಬುಕಿಂಗ್ ದುಡ್ಡನ್ನೂ ಕೊಡಬೇಡಿ.